ಸಿಪೊಲ್ಲಿನೊ

ಕರಿಸ್ತೋಸಿನ ಅರ್ಗಿರೊಗೆ ಆ ಪದ ಗೊತ್ತಿರಲಿಲ್ಲ.
ಕಲ್ಲು ಗೊತ್ತಿತ್ತು.
ನಲವತ್ತು ವರ್ಷ ಅದರ ಮೇಲೆಯೇ ಹಿಟ್ಟು ನಾದಿದ್ದಾಳೆ,
ಮೀನಿನ ಹೊಟ್ಟೆ ಸೀಳಿದ್ದಾಳೆ,
ನಿಂಬೆ ಹಿಂಡಿದಲ್ಲೆಲ್ಲ ಹೊಳಪು ಸತ್ತು
ಕಾಸಗಲ ಮಬ್ಬು ಕಲೆ.
ಬಿಳಿಯ ನಡುವೆ ಹಸಿರು, ಹಸಿರಿನ ನಡುವೆ ಬಿಳಿ,
ಪದರ ಪದರ, ಒಂದೂ ನೆಟ್ಟಗಿಲ್ಲ,
ಒದ್ದೆಯಿರುವಾಗಲೇ ಯಾರೋ
ಅವಸರದಲ್ಲಿ ಮಡಚಿಟ್ಟ ಹಾಗೆ.

ಮದುವೆಯ ಮರುವರ್ಷ ಪೊಲಿಖ್ರೋನಿಸ್
ಎರಡು ಕತ್ತೆಗಳ ನಡುವೆ ಕಟ್ಟಿ ತಂದದ್ದು,
ಒಡಕಲೆಂದು ಗಣಿಯವರು ಎಸೆದ ಹಲಗೆ.
ಅವನು ಅದನ್ನು ‘ಹಸಿರು’ ಎನ್ನುತ್ತಿದ್ದ, ಅಷ್ಟೇ.
ಹಸಿರಿನ ಮೇಲಿಡು. ಹಸಿರನ್ನು ಒರೆಸು.
ಮನೆಯ ಬೆಕ್ಕನ್ನು ಕೂಗುವಂತೆ.

ಆ ಗಣಿ ಮುಚ್ಚಿದೆ ಈಗ. ಓಖಿ ಬೆಟ್ಟದ ಮೇಲೆ
ರೋಮಿನವರು ಕಡಿದು, ಸಾಗಿಸದೆ ಬಿಟ್ಟ ಕಂಬಗಳು
ಇನ್ನೂ ಮಲಗಿವೆ. ಬಿಸಿಲು ಕಾದ ಬದಿಗೆ
ಬೆನ್ನು ಕೊಟ್ಟು ಆಡುಗಳು ಮೆಲುಕು ಹಾಕುತ್ತವೆ.
ಅವಕ್ಕೂ ಪದ ಬೇಕಿಲ್ಲ.

ಪದ ತಂದವನು ಫುಲ್ಜೆನ್ಸಿಯೊ,
ರೋಮಿನಿಂದಲೇ, ಮೇ ತಿಂಗಳಲ್ಲಿ,
ಮೂಗಿನ ತುದಿಗೆ ಜಾರಿದ ಕನ್ನಡಕದಲ್ಲಿ.
ಯಾವುದೋ ಇಗರ್ಜಿಯ ಕಂಬಕ್ಕೆ
ಅಂಗೈಯಗಲದ ತೇಪೆ ಬೇಕಂತೆ,
ಅದೇ ಬೆಟ್ಟದ್ದು, ಗೆರೆಯ ಓಟವೂ ಅದೇ ಆಗಬೇಕಂತೆ.
ಬ್ರೆಡ್ಡಿನ ಅಂಗಡಿಯವಳು ಇವಳ ಅಡುಗೆಮನೆ ತೋರಿಸಿದಳು.
ಬೆರಳು ಒದ್ದೆ ಮಾಡಿ ಕಲ್ಲಿನ ಮೇಲೆ ಎಳೆದ,
ಗೆರೆ ಎದ್ದು ಬಂತು.
ಮೆಲ್ಲಗೆ ಅಂದ: ಸಿಪೊಲ್ಲಿನೊ.

ನನ್ನ ಕನ್ನಡದ ಕಿವಿಗೆ ಅದರಲ್ಲಿ ಸಿಪ್ಪೆ ಕೇಳಿಸುತ್ತದೆ.
ತಪ್ಪು ಕಿವಿ. ಆದರೂ ನೋಡಿ,
ತಪ್ಪು ಕಿವಿ ಕೆಲವೊಮ್ಮೆ
ಸರಿಯಾದ ಮನೆಯ ಬಾಗಿಲನ್ನೇ ತಟ್ಟುತ್ತದೆ.

ಅವಳಿಗೆ ಇಟಾಲಿಯನ್ ಬಾರದು.
ಅವನಿಗೆ ಗ್ರೀಕ್, ದುಡ್ಡು ಎಣಿಸುವಷ್ಟು.
ಸುತ್ತ ನೋಡಿ, ಕಿಟಕಿಗೆ ತೂಗುಬಿಟ್ಟ ಗೊಂಚಲಿಂದ
ಒಂದು ಈರುಳ್ಳಿ ಕಿತ್ತ. ಅವಳದೇ ಚಾಕು.
ಉದ್ದಕ್ಕೆ ಸೀಳಿ, ಮುಖ ಮೇಲೆ ಮಾಡಿ
ಕಲ್ಲಿನ ಮೇಲಿಟ್ಟ.
ಗೆರೆಯ ಪಕ್ಕ ಗೆರೆ.

ಅರ್ಗಿರೊ ನಕ್ಕಳು. ಕುರ್ಚಿ ಹಿಡಿದು ನಕ್ಕಳು.
“ಅಯ್ಯೋ ದೇವರ ತಾಯೇ, ಇಷ್ಟು ವರ್ಷ
ಈರುಳ್ಳಿಯ ಮೇಲೆ ಈರುಳ್ಳಿ ಹೆಚ್ಚುತ್ತಿದ್ದೆನೇ?”

ಕಣ್ಣೀರಿನ ಮಾತು ಇಲ್ಲಿ ಬೇಡ;
ಈರುಳ್ಳಿ ಬಂದಲ್ಲೆಲ್ಲ ಅದು ಕರೆಯದೆ ಬರುವ ನೆಂಟ.
ನಗು ನಿಂತ ಮೇಲೆ ಅವಳಿಗೆ ನೆನಪಾದದ್ದು
ಹಾಲ್ಕಿದಾದ ಆಸ್ಪತ್ರೆ, ಡಾಕ್ಟರು ಬೆಳಕಿಗೆ ಹಿಡಿದ ಎಕ್ಸ್‌ರೇ,
ಪೊಲಿಖ್ರೋನಿಸನ ಎದೆಯೊಳಗೆ
ಬಿಳಿ, ಕಪ್ಪು, ಮತ್ತೆ ಬಿಳಿ.
ಧೂಳು, ಅಂದಿದ್ದರು ಡಾಕ್ಟರು.
ಅವನು ಕತ್ತು ಓರೆ ಮಾಡಿ ನೋಡಿ
“ಒಳ್ಳೇ ಪದರ” ಅಂದಿದ್ದ,
“ಉಳಿ ಇಟ್ಟರೆ ಸಾಕು, ತಾನೇ ಬಿಡುತ್ತೆ.”

ಫುಲ್ಜೆನ್ಸಿಯೊ ಬೆಲೆ ಬರೆದ, ಹೊಡೆದ, ಮತ್ತೆ ಬರೆದ.
ಅಂಗೈಯಗಲ ಕೇಳಿ ಬಂದವನ ಕಣ್ಣು
ಈಗ ಇಡೀ ಹಲಗೆಯ ಮೇಲೆ.
ಚಾಕುವಿನ ಗೀರು, ನಿಂಬೆಯ ಕಲೆ ತೋರಿಸಿ
ಗಾಳಿಯಲ್ಲಿ ಕೈಯನ್ನು ಗುಂಡಗೆ ತಿರುಗಿಸಿದ:
ಉಜ್ಜಿದರೆ ಹೋಗುತ್ತವೆ, ಚಿಂತೆಯಿಲ್ಲ.
ಅದೊಂದನ್ನು ಹೇಳದಿದ್ದರೆ ಕೊಡುತ್ತಿದ್ದಳೇನೋ.

ಗೋಡೆಯೊಳಗೆ ಹೂತಿದ್ದ ಮೂಲೆಯನ್ನು ಕೊಟ್ಟಳು,
ಚಾಕು ಕಾಣದ್ದು, ನಿಂಬೆ ಮುಟ್ಟದ್ದು.
ಅಳತೆಗೆ ತನ್ನ ಅಂಗೈಯನ್ನೇ ಇಟ್ಟಳು,
ಅವನದಲ್ಲ.
ದುಡ್ಡಿನ ಜೊತೆ ಇನ್ನೊಂದು ಕೇಳಿದಳು:
ಸಾಮಾನಿನ ಪಟ್ಟಿಯಲ್ಲಿ, ಉಪ್ಪು ಸೋಪಿನ ಕೆಳಗೆ,
ಅವನು ನಿಧಾನವಾಗಿ ಹೇಳಬೇಕು,
ಅವಳು ತನ್ನ ಅಕ್ಷರದಲ್ಲಿ ಬರೆದುಕೊಳ್ಳಬೇಕು.

ರಾತ್ರಿ ಒರೆಸುತ್ತಾ ಒಮ್ಮೆ ಕರೆದು ನೋಡಿದಳಂತೆ
ಆ ಹೊಸ ಹೆಸರಿನಿಂದ. ಕಲ್ಲು ತಿರುಗಲಿಲ್ಲ.
ಸೀಳಿದ ಈರುಳ್ಳಿಯ ಒಂದು ಹೋಳು
ಬೇಳೆಗೆ ಹೋಯಿತು.
ಇನ್ನೊಂದು ಅಲ್ಲೇ, ಹಸಿರಿನ ಮೇಲೆ.