ಐವತ್ತೈದರ ನಡುಕ

ಐವತ್ತರವರೆಗೆ ಏನಿಲ್ಲ.
ಐವತ್ತೈದಕ್ಕೆ ಸೀಟಿನಡಿಯಿಂದ ಏಳುತ್ತದೆ,
ಅರವತ್ತೈದಕ್ಕೆ ತಾನೇ ಅಡಗುತ್ತದೆ.
ನಾಲ್ಕು ಲಕ್ಷ ಕಿಲೋಮೀಟರ್ ತಿಂದ ಟ್ರ್ಯಾಕ್ಸು,
"ವಯಸ್ಸಾಯ್ತು ಬಿಡಣ್ಣ" ಅಂದರು ಚಿಂತಾಮಣಿಯಲ್ಲಿ ಎಲ್ಲರೂ.

ಇನಾಯತ್ ಅನ್ನಲಿಲ್ಲ. ಪಕ್ಕದಲ್ಲಿ ಕೂತ,
ಕೋಲಾರದ ರಸ್ತೆಗೆ ಬಿಡು ಅಂದ.
ಡ್ಯಾಶ್‌ಬೋರ್ಡಿನ ಮೇಲೆ ಅರ್ಧ ಲೋಟ ಟೀ.
ಕ್ಲಚ್ ಒತ್ತು. ಒತ್ತಿದೆ.
ನ್ಯೂಟ್ರಲ್. ಎಂಜಿನ್ನು ದನಿ ತಗ್ಗಿಸಿತು,
ಟೀ ಮಾತ್ರ ಉಂಗುರ ಉಂಗುರವಾಗಿ ನಡುಗುತ್ತಲೇ ಇತ್ತು.
"ಎದೆಯದಲ್ಲ ಇದು, ಬೆನ್ನಿನದು."

ಗುಂಡಿಗಿಳಿದ. ಶಾಫ್ಟು ತಿರುವಿದ.
ಕ್ರಾಸು ಗಟ್ಟಿ, ಸೆಂಟರ್ ಬೇರಿಂಗು ಗಟ್ಟಿ.
ವರ್ಷಗಳ ಗ್ರೀಸು ಮಣ್ಣು ಕೆರೆದರೆ
ಎರಡು ಬಾಣದ ಗುರುತು:
ಮುಖಕ್ಕೆ ಮುಖ ಇರಬೇಕಾದವು
ಒಂದೇ ಒಂದು ಹಲ್ಲು ಆಚೀಚೆ.
ಪಕ್ಕದಲ್ಲಿ ಉಳಿಯಿಂದ ಹೊಡೆದ ಸೊಟ್ಟ ಗೀಟು.

ಬಹಳ ಹೊತ್ತು ಮೇಲೆ ಬರಲಿಲ್ಲ.
ಗುಂಡಿಯೊಳಗಿಂದಲೇ ಅಂದ:
"ಗೀಟು ನಂದೇ ಅಣ್ಣ.
ಆಗ ಹದಿನಾರು ವರ್ಷ. ಉಸ್ತಾದು ನಮಾಜಿಗೆ ಹೋಗಿದ್ರು,
ಬರೋದ್ರೊಳಗೆ ಜೋಡಿಸಿ ತೋರಿಸಬೇಕು ಅಂತ…"

ದುಡ್ಡು ಚಾಚಿದರೆ
ಎಣ್ಣೆಗೈ ಹಿಂದಕ್ಕೆ ಕಟ್ಟಿಕೊಂಡ.

ವಾಪಸು ಬರುವಾಗ ಐವತ್ತೈದು.
ಆರಿದ ಟೀ ಮೇಲೆ ಕೆನೆ, ಒಂದು ಗೀರೂ ಇಲ್ಲ.
ನನ್ನ ಕೈ ಮಾತ್ರ
ಇಲ್ಲದ ನಡುಕವನ್ನು
ಕೈವಾರ ಕ್ರಾಸಿನವರೆಗೂ ಬಿಗಿಯಾಗಿ ಹಿಡಿದೇ ಇತ್ತು.