ಹತ್ತನೆಯದು

ಸಂಜೆ ಆರಕ್ಕೆ ಹುಡುಗರು ಬಸ್ಸಿಗೆ ಹೋದರು.
ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಉಳಿದದ್ದು ನಾನು,
ಗಾಜಿನ ತೊಟ್ಟಿ, ಅದರ ತುಂಬ ಹೊಳೆಯ ನೀರು,
ವಾಟದಹೊಸಹಳ್ಳಿ ಕೆರೆಯಿಂದ ತಂದು ಬಿಟ್ಟ
ಹತ್ತು ಸಾಸಲು ಮೀನು.
"ಗಂಟೆಗೊಮ್ಮೆ ಎಣಿಸಿ ಬರೀರಿ ನಾರೆಪ್ಪ,
ಬದುಕಿದ್ದೆಷ್ಟು, ಸತ್ತದ್ದೆಷ್ಟು" ಎಂದು ಮೇಡಂ
ಟೀಗೆ ಇಪ್ಪತ್ತು ರೂಪಾಯಿ ಕೊಟ್ಟು ಹೋದರು.

ನೀರು ಗೌರಿಬಿದನೂರಿನ ಸೇತುವೆ ಕೆಳಗಿನದು.
ಪಿನಾಕಿನಿ ಈಗ ಹರಿಯುವುದಿಲ್ಲ, ಕೂತಿರುತ್ತಾಳೆ
ಗುಂಡಿಗೊಬ್ಬಳಂತೆ.
ನೋಡಲು ಅಕ್ಕಿ ತೊಳೆದ ನೀರಿನಷ್ಟೇ ಮಬ್ಬು,
ವಾಸನೆಯೂ ಅಷ್ಟೇನಿಲ್ಲ.
ಕಣ್ಣು ಮೂಗಿಗೆ ಸಿಗದ್ದನ್ನು
ಕಿವಿರು ಹೇಳುತ್ತದಂತೆ.

ಗೋಡೆಗಾನಿಸಿದ ಬೀರುವಿನಲ್ಲಿ ಫಾರ್ಮಲಿನ್ ಸೀಸೆಗಳು.
ಎಂಬತ್ತೊಂದನೇ ಇಸವಿ, ಜನವರಿ, ಇದೇ ಸೇತುವೆ.
ಕಲ್ಲುಕೊರವ. ಗಿರ್ಲು. ಹಾವುಮೀನು. ಪಕ್ಕೆ.
ಚೀಟಿ ಮಾಸಿದ ಇನ್ನಾರೇಳು, ಬಣ್ಣ ಹೋಗಿ
ಬಹಳ ಹೊತ್ತು ನೀರಲ್ಲಿಟ್ಟ ಬೆರಳಿನ ಹಾಗೆ.
'ಹಿಡಿದವರು' ಎಂಬಲ್ಲಿ ಮೇಷ್ಟರ ಹೆಸರಿದೆ.
ಹಿಡಿದದ್ದು ನಮ್ಮಪ್ಪ, ಗಂಗುಲಪ್ಪ,
ಮೀನಿಗೆ ನಾಲ್ಕಾಣೆ, ರೆಕ್ಕೆ ಹರಿಯದಿದ್ದರೆ ಎಂಟಾಣೆ.
ಅಪ್ಪನಿಗೆ ಓದು ಬರುತ್ತಿರಲಿಲ್ಲ. ಬಲೆ ಎಳೆದವನೇ
ಯಾವುದೋ ಒಂದರ ಬೆನ್ನ ಮೇಲೆ ಹೆಬ್ಬೆರಳು ಜಾರಿಸಿ
"ಲೋಳೆ ಜಾಸ್ತಿ ಆಗೈತೆ ಕಣೋ,
ಮೇಲೆ ಯಾರೋ ಏನೋ ತೊಳ್ದವ್ರೆ" ಅನ್ನುತ್ತಿದ್ದ.
ಮೇಲೆ ಹೋಗಿ ನೋಡಿದರೆ, ಹೌದು,
ಮಡುವಿನಲ್ಲಿ ಕತ್ತಾಳೆ ಪಟ್ಟೆ ಕೊಳೆಹಾಕಿರುತ್ತಿದ್ದರು.

ಏಳು ಗಂಟೆ. ಹತ್ತು.
ಎಂಟು. ಹತ್ತು.
ಹತ್ತೂವರೆಗೆ ಎಲ್ಲವೂ ಮೇಲೆ ಬಂದು ಬಾಯಿ ತೆರೆದವು
ನೀರು ಗಾಳಿ ಸೇರುವ ಗೆರೆಯಲ್ಲಿ,
ಷಟರ್ ಎಳೆದ ಅಂಗಡಿ ಮುಂದೆ ನಿಂತ ಗಿರಾಕಿಗಳ ಹಾಗೆ.
ಇದಕ್ಕೆ ಪುಸ್ತಕದಲ್ಲಿ ಕಾಲಂ ಇಲ್ಲ.
ಬದುಕಿದ್ದು: ಹತ್ತು. ಬರೆದೆ.

ಹನ್ನೆರಡಕ್ಕೆ ಒಂಬತ್ತು. ಒಂದಕ್ಕೆ ಏಳು.
ಸತ್ತದ್ದನ್ನು ತೆಗೆದು ಕಿವಿರೆತ್ತಿ ಬಣ್ಣ ಬರೆಯಬೇಕು.
ದಾಳಿಂಬೆ ಕಾಳಿನಂತಿರಬೇಕಾದದ್ದು
ಇಟ್ಟಿಗೆಗೂಡಿನ ಬೂದಿ.
ಹೆಬ್ಬೆರಳು ತಾನಾಗಿ ಬೆನ್ನ ಮೇಲೆ ಜಾರಿತು.
ಲೋಳೆ.
ಅದಕ್ಕೂ ಕಾಲಂ ಇಲ್ಲ. ಅಂಚಿನಲ್ಲಿ ಬರೆದೆ, ಪೆನ್ಸಿಲಿನಲ್ಲಿ,
ಮೇಡಂ ಅಳಿಸಿದರೆ ಅಳಿಸಲಿ.

ನಾಲ್ಕಕ್ಕೆ ಒಂದು.
ಐದಕ್ಕೆ ಒಂದು.
ಆರಕ್ಕೂ ಅದೇ ಒಂದು, ಮೂಲೆಯಲ್ಲಿ, ನನ್ನ ಕಡೆ ತಿರುಗಿ.
ಸಾಕ್ಷಿ ಹೇಳಿದ್ದಾಯಿತಲ್ಲ,
ಇನ್ನೂ ಯಾಕೆ ಕಟಕಟೆಯಲ್ಲಿ ನಿಲ್ಲಿಸುವುದು?
ಕ್ಯಾನು ಹಿಡಿದು ನೀರಿನ ಘಟಕಕ್ಕೆ ಹೋದೆ,
ಐದು ರೂಪಾಯಿ ಬಿಲ್ಲೆ ಹಾಕಿದೆ.
ನಾವೆಲ್ಲ ಕುಡಿಯುವುದು ಇದೇ, 'ಶುದ್ಧ' ಅಂತ ಬೋರ್ಡಿದೆ.
ಬಕೆಟ್ಟಿಗೆ ಸುರಿದು ಅದನ್ನು ಬಿಟ್ಟೆ.

ಹತ್ತು ನಿಮಿಷ ನೆಟ್ಟಗಿತ್ತು.
ಆಮೇಲೆ ಒಂದು ಮಗ್ಗುಲಿಗೆ ವಾಲಿತು.

ಫೋನಿನಲ್ಲಿ ಮೇಡಂ, ಇನ್ನೂ ನಿದ್ದೆಯ ದನಿ:
"ಅಯ್ಯೋ, ಅದರಲ್ಲಿ ಉಪ್ಪಿಲ್ಲ, ಸುಣ್ಣವಿಲ್ಲ,
ಏನೂ ಇರಲ್ಲ ನಾರೆಪ್ಪ. ಮೀನಿಗೆ ಅದೂ ಆಗಲ್ಲ."
ಕ್ಯಾನಿನಲ್ಲಿ ಮಿಕ್ಕ ನೀರನ್ನು ನೋಡಿದೆ. ಲೋಟ ತುಂಬಿಸಿ
ಕುಡಿದೆ. ಬಾಯಾರಿತ್ತು.

ಬಕೆಟ್ಟು ತುಳುಕಿಸುತ್ತ ಓಡಿದೆ ಖಲಂದರ್ ಸಾಬರ ಬಾವಿಗೆ,
ಮಂಡಿ ನೋವು ಆಮೇಲೆ ನೆನಪಾಯಿತು.
ಬೇವಿನಕಡ್ಡಿ ಬಾಯಿಂದ ತೆಗೆದು ಕೇಳಿದರು:
"ಮಾರೋಕಾ?"
"ಅಲ್ಲ, ಬಿಡೋಕೆ."
"ಒಂದನ್ನ?"
"ಉಳಿದದ್ದು ಅಷ್ಟೇ."
ಅವರು ಮೆಟ್ಟಿಲಿನ ಜಾಲರಿ ಸರಿಸಿ ದಾರಿ ಬಿಟ್ಟರು.

ಬೆಳ್ಳಗೆ ಒಮ್ಮೆ ಮಿಂಚಿ
ಕೆಳಗಿನ ಕಪ್ಪಿಗೆ ಹೋಯಿತು, ಈಜಿತೋ ಮುಳುಗಿತೋ.
ಇಬ್ಬರೂ ಬಗ್ಗಿ ನೋಡುತ್ತಲೇ ಇದ್ದೇವೆ.
ಏಳೂಕಾಲು.
'ಬದುಕಿದ್ದು' ಎಂಬ ಕಾಲಮ್ಮಿನ ಮೇಲೆ
ಪೆನ್ಸಿಲ್ ಮೊನೆ ಊರಿದ್ದೇನೆ.