ಕತ್ತರಿ ಗುರುತು

ಸೇತುವೆಗಾಗಿ ತೆಗೆದ ಚಿತ್ರ ಇದು.
ತಾಂಪೆರೆಯ ಸೇತುವೆ, ಕೆಳಗೆ ನೊರೆ ಉಗುಳುವ ಹೊಳೆ,
ಹತ್ತಿ ಗಿರಣಿಯ ಚಿಮಣಿ,
ಕ್ಯಾಮರಾಕ್ಕೆಂದೇ ಟೋಪಿ ಎತ್ತಿ ನಿಂತ ಒಬ್ಬ ಮಹಾಶಯ.
ಬಲಕ್ಕೆ, ಗಿರಣಿಯಾಳುಗಳ ಸಾಲುಮನೆಯ ಮೇಲಂತಸ್ತಿನಲ್ಲಿ
ಒಂದೇ ಒಂದು ಕಿಟಕಿಗೆ
ನೇರಳೆ ಮಸಿಯ ಕತ್ತರಿ ಗುರುತು.

ಬೆನ್ನು ತಿರುವಿದರೆ ಇರುವೆ ಸಾಲು:
"ವಿಯೆನೊ, ಗುರುತು ಹಾಕಿದ್ದು ನಮ್ಮ ಕೋಣೆ.
ಬೆಳ್ಳಗೆ ಕಾಣೋದು ಪರದೆ ಅಲ್ಲ, ಏಲಿಸನ ಅಂಗಿ.
ಚಿತ್ರ ತೆಗೀತಾರೆ ಅಂತ ಒಬ್ಬರಾದರೂ ಹೇಳಬಾರದಿತ್ತೆ,
ಒಳಗೆ ಎಳ್ಕೊಳ್ತಿದ್ದೆ.
ಈಗ ಪೇಟೆಯ ಅಂಗಡಿ ಅಂಗಡಿಯಲ್ಲೂ
ಹತ್ತು ಪೆನ್ನಿಗೆ ನಾನು ಒಗೆದ ಬಟ್ಟೆ ಮಾರಾಟ!
ಕಾಲರು ಹರಿದಿದೆ, ಪುಣ್ಯಕ್ಕೆ ಕಾಣಿಸೋಲ್ಲ.
ಒಲೆ ಹೊಗೆಯಾಡುತ್ತೆ. ಅತ್ತೆಯ ಹಲ್ಲು ಕೀಳಿಸಿದ್ದಾಯ್ತು,
ಬಾಯಿಗೇನೂ ಬಿಡುವಿಲ್ಲ.
ದೊಡ್ಡವನ ಬೂಟು ಚಿಕ್ಕವನಿಗೆ ಇನ್ನೂ ದೊಡ್ಡದು,
ಮುಂದುಗಡೆ ಪತ್ರಿಕೆ ತುರುಕಿದ್ದೀನಿ.
ಲೋಕದ ಸುದ್ದಿಯನ್ನೆಲ್ಲ ತುಳಿಯುತ್ತ ಶಾಲೆಗೆ ಹೋಗ್ತಾನೆ."

ಅಲ್ಲಿಗೆ ಜಾಗ ಮುಗಿದು
ಅಕ್ಷರ ಅಂಚು ಹತ್ತಿದೆ, ತಲೆಕೆಳಗಾಗಿದೆ,
ಅಂಚೆ ಚೀಟಿಯ ಇಬ್ಬಗೆ ತಲೆಯ ಹದ್ದಿನ
ರೆಕ್ಕೆಯಡಿ ನುಸುಳಿದೆ:
"ಶನಿವಾರ ಹಬೆಮನೆಯಲ್ಲಿ ನೀನಿಲ್ಲ,
ಬೆನ್ನುಜ್ಜುವವರಿಲ್ಲ. ಹಿಲ್ಯಾ."

ಅಜ್ಜಿಯ ಹೊಲಿಗೆ ಯಂತ್ರದ ಖಾನೆಯಲ್ಲಿ,
ಗುಂಡಿಗಳ ಡಬ್ಬಿಯ ಅಡಿಗೆ ಸಿಕ್ಕಿತು.
ಬೂದುಗನ್ನಡಿ ಹಿಡಿದೆ.
ಹತ್ತಿರ ಹೋದಷ್ಟೂ ಕಿಟಕಿ ಚುಕ್ಕಿ ಚುಕ್ಕಿಯಾಗಿ ಒಡೆಯಿತು.
ಮಹಾಶಯನ ಟೋಪಿಗೆ ಮಾತ್ರ ಒಳ್ಳೆಯ ಅಂಚು.
ಅಂಗಿ ಎಂದು ಹಿಲ್ಯಾ ಹೇಳದಿದ್ದರೆ ಅದು
ಗಾಜಿಗೆ ಬಿದ್ದ ಬಿಸಿಲೂ ಇರಬಹುದು.

ಏಲಿಸ್ ದೊಡ್ಡವನೋ ಚಿಕ್ಕವನೋ,
ಆ ಬೂಟು ಅವನ ಕಾಲಿಗೆ ಸರಿಹೋಗುವಷ್ಟು ಬೆಳೆದನೋ.
ರೌಮಾದ ಅಡುಗೆಮನೆಯಲ್ಲಿ ಕಾಫಿ ಹುರಿಯುತ್ತ
ಅಜ್ಜಿ ಎಷ್ಟೋ ಮಾತಾಡಿದ್ದಳು;
ತಂಗಿಯೊಬ್ಬಳಿದ್ದಳು ಎಂದು ಮಾತ್ರ
ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ವಿಳಾಸದ ಪಕ್ಕ, ಬಟ್ಟಲು ಇಟ್ಟ ಕಂದು ಬಳೆಯೊಳಗೆ,
ಸೀಸದಕಡ್ಡಿಯಲ್ಲಿ ಅಜ್ಜಿಯ ಲೆಕ್ಕ:
ಆಲೂಗಡ್ಡೆ ಎರಡು ಅಳತೆ,
ಸೀಮೆಎಣ್ಣೆ,
ಒಣ ಮೀನು, ಹೊಡೆದು ಹಾಕಿದೆ.
ಮೊತ್ತ ತಪ್ಪಿ, ಉಗುರಿನಿಂದ ಕೆರೆದು,
ಮತ್ತೆ ಕೂಡಿದ್ದಾಳೆ. ಈ ಸಲವೂ ತಪ್ಪು.
ಕಡೆಯ ಸಾಲೊಂದಕ್ಕೆ ಬೆಲೆಯೇ ಬರೆದಿಲ್ಲ:
ಬಿಳಿ ಬಟ್ಟೆ, ಗೇಣುದ್ದ, ಕಾಲರಿಗೆ.